ಕೆಂಪು ಹಾರೆ, ಮಾತಾಡದ ಗೋರ್ಡನ್

ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಒಂದು ಸುರಂಗ ಇದೆ. ಕಾಸರಗೋಡು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಬಾವಿಯನ್ನು ಕೆಳಕ್ಕೆ ತೋಡುತ್ತಾರೆ, ಸುರಂಗವನ್ನು ಗುಡ್ಡೆಯ ಹೊಟ್ಟೆಯೊಳಕ್ಕೆ ಅಡ್ಡ ಕೊರೆಯುತ್ತಾರೆ. ಮುರಕಲ್ಲಿನ ನಡುವೆ ಎಲ್ಲೋ ಒರತೆ ಸಿಗುತ್ತದೆ. ಆ ನೀರು ತನ್ನಷ್ಟಕ್ಕೇ ಹರಿದು ಹೊರಗೆ ಬರುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಒಬ್ಬ ಮನುಷ್ಯ ನಡೆದು ಹೋಗುವಷ್ಟು ಎತ್ತರ. ಇಬ್ಬರು ಎದುರುಬದುರಾದರೆ ದಾಟಲಾಗದಷ್ಟು ಕಿರಿದು.

ಚಿಕ್ಕವನಿದ್ದಾಗ ಅಜ್ಜನ ಹಿಂದೆ ಒಳಗೆ ಹೋಗಿದ್ದೆ. ಅಜ್ಜನ ಕೈಯಲ್ಲಿ ಮೇಣದ ಬತ್ತಿ. ಬತ್ತಿಯ ಉರಿ ಸಣ್ಣದಾದರೆ ಮುಂದೆ ಗಾಳಿ ಕಮ್ಮಿ, ತಿರುಗಿ ಬರಬೇಕು. ಒಳಗೆ ಅಜ್ಜ ಮಾತಾಡುತ್ತಿರಲಿಲ್ಲ. ಗೋಡೆ ಒದ್ದೆ ಇದೆಯಾ, ಹಾರೆಯ ಗೀರು ಯಾವ ಕಡೆ ತಿರುಗಿದೆ, ನೀರು ಬೆರಳಿಗೆ ತಾಗುತ್ತಿದೆಯೋ ಹಿಮ್ಮಡಿ ಮುಳುಗುತ್ತಿದೆಯೋ, ಇಷ್ಟು ನೋಡಿಕೊಂಡರೆ ಸಾಕು. ಏನು ನಡೆದಿದೆ, ಮುಂದೆ ಏನಿದೆ ಎಂದು ಆ ಜಾಗವೇ ತಿಳಿಸುತ್ತದೆ.

ಹಾಫ್-ಲೈಫ್ ಎಂಬ ಕಂಪ್ಯೂಟರ್ ಆಟದ ಬಗ್ಗೆ ಬರೆಯಲು ಕೂತವನಿಗೆ ಮೊದಲು ನೆನಪಾದದ್ದು ಈ ಸುರಂಗ. ಯಾಕೆಂದರೆ ಆ ಆಟವನ್ನು ನಾನು ಓದಿದ್ದು ಹೀಗೆಯೇ. ಇಂಗ್ಲಿಷ್ ಬಾರದ ಹುಡುಗನಾಗಿ, ಗೋಡೆ ನೋಡಿಕೊಂಡು.

2004ರಲ್ಲಿ ನಾನು ಬದಿಯಡ್ಕ ಪೇಟೆಯ ಒಂದು ಇಂಟರ್ನೆಟ್ ಕೆಫೆಗೆ ಹೋಗುತ್ತಿದ್ದೆ. ಕನ್ನಡ ಮೀಡಿಯಂ ಹೈಸ್ಕೂಲು. ಮನೆಯಲ್ಲಿ ಹವ್ಯಕ, ತೋಟದ ಕೆಲಸದವರ ಜೊತೆ ತುಳು, ಬಸ್ಸಿನಲ್ಲಿ ಮಲಯಾಳ. ಇಂಗ್ಲಿಷ್ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡಿದ ಪ್ರಬಂಧ, ಅಷ್ಟೇ. ಕೆಫೆಯಲ್ಲಿ ಎಲ್ಲರೂ ಆಡುತ್ತಿದ್ದದ್ದು ಕೌಂಟರ್ ಸ್ಟ್ರೈಕ್. ಒಂದು ದಿನ ಜೊತೆಯ ಹುಡುಗರು ಯಾರೂ ಬಂದಿರಲಿಲ್ಲ. ಸುಮ್ನೆ ಫೋಲ್ಡರಿನ ಒಳಗೆ ನೋಡುತ್ತಿದ್ದಾಗ ಬೇರೆ ಹೆಸರಿನ ಒಂದು ಐಕಾನ್ ಕಂಡಿತು. ಒತ್ತಿದೆ. ಕೌಂಟರ್ ಸ್ಟ್ರೈಕ್ ಹುಟ್ಟಿದ್ದೇ ಹಾಫ್-ಲೈಫಿನ ಮೈಮೇಲೆ, 1999ರಲ್ಲಿ ಇಬ್ಬರು ಅಭಿಮಾನಿಗಳು ಅದೇ ಆಟವನ್ನು ತಿದ್ದಿ ಕಟ್ಟಿದ ಮಾಡ್ ಆಗಿ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ಗೊತ್ತಾದದ್ದು ಒಂದೇ. ಇಲ್ಲಿ ಯಾರೂ ನನಗೆ ಗುಂಡು ಹಾರಿಸುತ್ತಿಲ್ಲ. ನಾನು ಒಂದು ರೈಲಿನಂಥ ಡಬ್ಬಿಯಲ್ಲಿ ಕೂತು ಎಲ್ಲಿಗೋ ಹೋಗುತ್ತಿದ್ದೇನೆ.

ಆ ಟ್ರಾಮ್ ಪ್ರಯಾಣ ಸುಮಾರು ಐದು ನಿಮಿಷ. ಆಟಗಾರ ಮಾಡಬೇಕಾದ ಕೆಲಸ ಏನೂ ಇಲ್ಲ. ಡಬ್ಬಿಯೊಳಗೆ ಅತ್ತಿತ್ತ ನಡೆಯಬಹುದು, ಕಿಟಕಿಯಿಂದ ಹೊರಗೆ ನೋಡಬಹುದು. ಕೆಳಗೆ ಹಸಿರು ಬಣ್ಣದ ಯಾವುದೋ ದ್ರವ ಹರಿಯುತ್ತದೆ. ಯಂತ್ರಗಳು ಪೆಟ್ಟಿಗೆ ಸಾಗಿಸುತ್ತವೆ. ಒಬ್ಬ ಕಾವಲುಗಾರ ಬಾಗಿಲು ಬಡಿಯುತ್ತ ನಿಂತಿದ್ದಾನೆ. ಇನ್ನೊಂದು ಡಬ್ಬಿಯಲ್ಲಿ ಸೂಟು ಹಾಕಿದ, ಕೈಯಲ್ಲಿ ಬ್ರೀಫ್‌ಕೇಸ್ ಹಿಡಿದ ಒಬ್ಬ ಮನುಷ್ಯ ನನ್ನನ್ನೇ ನೋಡುತ್ತಿದ್ದಾನೆ. ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಕೂತವನಿಗೆ ಐದು ನಿಮಿಷ ಸಣ್ಣ ಸಂಗತಿ ಅಲ್ಲ. ಆದರೂ ಎದ್ದು ಹೋಗಬೇಕು ಅನ್ನಿಸಲಿಲ್ಲ.

1998ರ ನವೆಂಬರಿನಲ್ಲಿ ಬಂದ ಆಟ ಅದು. ಮಾಡಿದ್ದು ವಾಲ್ವ್. ಮೈಕ್ರೋಸಾಫ್ಟ್ ಬಿಟ್ಟು ಬಂದ ಗೇಬ್ ನ್ಯೂವೆಲ್ ಮತ್ತು ಮೈಕ್ ಹ್ಯಾರಿಂಗ್ಟನ್ 1996ರಲ್ಲಿ ಕಟ್ಟಿದ ಕಂಪನಿಯ ಮೊದಲ ಆಟ. 1997ಕ್ಕೇ ಬರಬೇಕಿತ್ತಂತೆ. ಮಾಡಿದ್ದು ಸರಿ ಕಾಣದೆ ಬಹಳಷ್ಟನ್ನು ಕೆಡವಿ ಮತ್ತೆ ಕಟ್ಟಿದರು. ಕತೆಗೆ ಕಾದಂಬರಿಕಾರ ಮಾರ್ಕ್ ಲೇಡ್‌ಲಾ ಇದ್ದರು. ಆದರೆ ಆ ಕಾದಂಬರಿಕಾರ ಇದ್ದಾರೆಂದು ಆಟದಲ್ಲಿ ಗೊತ್ತೇ ಆಗುವುದಿಲ್ಲ. ಅದಕ್ಕೇ ನನಗೆ ಅವರ ಮೇಲೆ ಗೌರವ. ಆ ಕಾಲದ ಆಟಗಳಲ್ಲಿ ಕತೆ ಹೇಳಬೇಕೆಂದರೆ ನಿಮ್ಮ ಕೈಯಿಂದ ಆಟ ಕಿತ್ತುಕೊಂಡು ಒಂದು ತುಣುಕು ಸಿನಿಮಾ ತೋರಿಸುತ್ತಿದ್ದರು, ಇಲ್ಲವೇ ಓದಲು ಒಂದು ಪುಟ ಕೊಡುತ್ತಿದ್ದರು. ಹಾಫ್-ಲೈಫ್ ಎರಡನ್ನೂ ಬಿಟ್ಟಿತು. ಶುರುವಿನಿಂದ ಕೊನೆಯವರೆಗೆ ನೀವು ಗೋರ್ಡನ್ ಫ್ರೀಮನ್‌ನ ಕಣ್ಣಿನೊಳಗೇ ಇರುತ್ತೀರಿ. ಅವನು 27 ವರ್ಷದ ಭೌತಶಾಸ್ತ್ರಜ್ಞ, ನ್ಯೂ ಮೆಕ್ಸಿಕೋದ ನೆಲದಡಿಯ ಬ್ಲ್ಯಾಕ್ ಮೆಸಾ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಒಂದು ಹರಳನ್ನು ಯಂತ್ರದೊಳಕ್ಕೆ ತಳ್ಳುತ್ತಾನೆ. ಬೇರೆ ಲೋಕದ ಬಾಗಿಲು ಹರಿದು ಹೋಗುತ್ತದೆ. ಆಮೇಲೆ ಅವನಿಗೆ ಮೊದಲು ಸಿಗುವ ಆಯುಧ ಒಂದು ಕೆಂಪು ಕಬ್ಬಿಣ. ನಮ್ಮ ಹಾರೆಯಷ್ಟು ಉದ್ದ ಇಲ್ಲ, ತುದಿ ಬಾಗಿದೆ. ಆದರೂ ನಾವು ಅದನ್ನು ಹಾರೆ ಎಂದೇ ಕರೆದೆವು. ಬೇರೆ ಹೆಸರು ನಮ್ಮಲ್ಲಿ ಇರಲಿಲ್ಲ.

ಆ ಮೊದಲ ಆಟದಲ್ಲಿ ಅಕ್ಷರದಲ್ಲಿ ಬರುವ ಮಾತು ಇಲ್ಲ. ವಿಜ್ಞಾನಿಗಳು ಏನೋ ಗಡಿಬಿಡಿಯಿಂದ ಹೇಳುತ್ತಾರೆ, ನನಗೆ ಅರ್ಥವಾಗುತ್ತಿರಲಿಲ್ಲ. ಆದರೆ ಗೋಡೆಯ ರಕ್ತದ ಗೀರು ಯಾವ ಕಡೆ ಎಳೆದುಕೊಂಡು ಹೋಗಿದೆ ಎಂದು ನೋಡಿದರೆ ಮುಂದೆ ಏನಿದೆ ಎಂದು ಗೊತ್ತಾಗುತ್ತಿತ್ತು. ಸೈನಿಕರು ಬಂದ ಜಾಗವನ್ನು ನಾನು ಮರೆತಿಲ್ಲ. ಕಾಪಾಡಲು ಬಂದರು ಎಂದುಕೊಂಡೆ. ಒಬ್ಬ ವಿಜ್ಞಾನಿಯೂ ಹಾಗೇ ಎಂದುಕೊಂಡು ಕೈ ಎತ್ತಿ ಅವರ ಕಡೆ ಓಡಿದ. ಅವನನ್ನು ಗುಂಡು ಹೊಡೆದು ಕೆಡವಿದರು. ಇವರು ಬಂದದ್ದು ಕಂಡದ್ದನ್ನು ಹೇಳುವವರು ಯಾರೂ ಉಳಿಯಬಾರದೆಂದು. ಒಂದು ಶಬ್ದ ಇಂಗ್ಲಿಷ್ ಬೇಕಾಗಲಿಲ್ಲ.

ಆಮೇಲೆ ಹೆಲಿಕಾಪ್ಟರ್. ಅಣೆಕಟ್ಟಿನ ಮೇಲೆ ಹೊರಗೆ ಬಂದಾಗ ಅದು ತಲೆಯ ಮೇಲೆ ಬರುತ್ತದೆ. ಎಲ್ಲರಿಗೂ ಅದು ಆಟದ ಒಂದು ಕಷ್ಟದ ಜಾಗ. ನನಗೆ ಹೆಡ್‌ಫೋನಿನಲ್ಲಿ ಆ ಸದ್ದು ಕೇಳಿದ ಕೂಡಲೇ ಕೈ ಮೌಸ್ ಬಿಟ್ಟಿತು. ನಮ್ಮ ಎಣ್ಮಕಜೆ ಕಡೆಯ ಗುಡ್ಡೆಗಳ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ನಾನು ಒಂಬತ್ತು ಹತ್ತು ವರ್ಷದವನು. ಸದ್ದು ಕೇಳಿದರೆ ಮಕ್ಕಳೆಲ್ಲ ಅಂಗಳಕ್ಕೆ ಓಡುತ್ತಿದ್ದೆವು, ಕೈ ಬೀಸುತ್ತಿದ್ದೆವು. ಅಬ್ಬೆ ಮಾತ್ರ ಓಡುತ್ತಿದ್ದದ್ದು ಬಾವಿಯ ಕಡೆಗೆ. ಮಡಲು ಎಳೆದು ಬಾಯಿ ಮುಚ್ಚಲು. ಆ ಮದ್ದು ನಮ್ಮ ಊರುಗಳಿಗೆ ಏನು ಮಾಡಿತು ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಬ್ಲ್ಯಾಕ್ ಮೆಸಾದ ಕತೆ ನನಗೆ ಅಮೆರಿಕದ ಕತೆಯಾಗಿ ಕಾಣದೇ ಇದ್ದದ್ದು ಈ ಕಾರಣಕ್ಕೆ. ದೊಡ್ಡವರು ಒಂದು ಕೆಲಸ ಮಾಡುತ್ತಾರೆ. ಏನೂ ಆಗುವುದಿಲ್ಲ ಎನ್ನುತ್ತಾರೆ. ಆಗುತ್ತದೆ. ಆಮೇಲೆ ಆದದ್ದನ್ನು ಮುಚ್ಚುತ್ತಾರೆ. ಹದಿನೈದರ ಹುಡುಗನಿಗೆ ಇಷ್ಟು ಸ್ಪಷ್ಟವಾಗಿ ಹೊಳೆದಿತ್ತು ಎಂದು ಹೇಳುವುದಿಲ್ಲ. ಆದರೆ ಮೌಸ್ ಬಿಟ್ಟ ಆ ಕೈ ನನ್ನದೇ.

ಕೊನೆಯ ಭಾಗ, ಜೆನ್ ಎಂಬ ಬೇರೆ ಲೋಕ, ನನಗೆ ಹಿಡಿಸಲಿಲ್ಲ. ತೇಲುವ ಬಂಡೆಯಿಂದ ಬಂಡೆಗೆ ಹಾರುವುದೇ ಕೆಲಸ. ಓದಲು ಗೋಡೆಗಳಿಲ್ಲ. ಅಭಿಮಾನಿಗಳ ಒಂದು ತಂಡ ವರ್ಷಗಟ್ಟಲೆ ಕೂತು ಇಡೀ ಆಟವನ್ನು ಬ್ಲ್ಯಾಕ್ ಮೆಸಾ ಎಂಬ ಹೆಸರಿನಲ್ಲಿ ಮತ್ತೆ ಕಟ್ಟಿ 2020ರಲ್ಲಿ ಪೂರ್ತಿ ಮಾಡಿತು. ಅದರಲ್ಲಿ ಜೆನ್ ಚಂದ ಇದೆ. ಹಳೆಯದನ್ನು ನಾನು ಮತ್ತೆ ಆಡಿದಾಗಲೆಲ್ಲ ಅಲ್ಲಿಗೆ ಬಂದು ನಿಲ್ಲಿಸುತ್ತೇನೆ.

ಎರಡನೆಯದು ಬಂದದ್ದು 2004ರ ನವೆಂಬರಿನಲ್ಲಿ. ನನ್ನ ಕೈಗೆ ಸಿಕ್ಕಿದ್ದು 2008ರ ಬೇಸಗೆ ರಜೆಯಲ್ಲಿ. ಮಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಭಾವ, ಅಂದರೆ ಸೋದರಮಾವನ ಮಗ, ದಿ ಆರೆಂಜ್ ಬಾಕ್ಸ್ ಡಿವಿಡಿ ತಂದ. ಒಂದೇ ಪೆಟ್ಟಿಗೆಯಲ್ಲಿ ಹಾಫ್-ಲೈಫ್ 2, ಅದರ ಎರಡು ಎಪಿಸೋಡ್, ಜೊತೆಗೆ ಪೋರ್ಟಲ್ ಮತ್ತು ಟೀಮ್ ಫೋರ್ಟ್ರೆಸ್ 2. ಮಾವನ ಮನೆಯ ಫೋನ್ ಲೈನಿನ ಇಂಟರ್ನೆಟ್ಟಿನಲ್ಲಿ ಆಟ ನಡೆಯಲು ಬೇಕಾದ ಸ್ಟೀಮ್ ಎಂಬ ತಂತ್ರಾಂಶ ಹಾಕಿಸಿಕೊಳ್ಳಲು ಒಂದು ರಾತ್ರಿ ಹಿಡಿಯಿತು. ಅತ್ತೆ ಎರಡು ಸಲ ಬಂದು ಮಲಗಿ ಎಂದು ಹೇಳಿ ಹೋದರು. ಬೆಳಗ್ಗೆ ಅಂಗಳದಲ್ಲಿ ಅಡಕೆ ಹರಗಿ ಬಂದು ಆಟ ತೆರೆದೆವು.

ಮತ್ತೆ ರೈಲು. ಈ ಸಲ ಇಳಿಯುವುದು ಸಿಟಿ 17 ಎಂಬ ಊರಿನ ಸ್ಟೇಷನ್ನಿನಲ್ಲಿ. ಸುಮಾರು ಇಪ್ಪತ್ತು ವರ್ಷ ಕಳೆದಿದೆ. ಭೂಮಿ ಕಂಬೈನ್ ಎಂಬ ಬೇರೆ ಲೋಕದವರ ಕೈಗೆ ಹೋಗಿದೆ. ದೊಡ್ಡ ಪರದೆಯಲ್ಲಿ ಡಾಕ್ಟರ್ ಬ್ರೀನ್ ಎಂಬವನು ನಯವಾದ ದನಿಯಲ್ಲಿ ಸ್ವಾಗತ ಹೇಳುತ್ತಾನೆ. ಮುಂದೆ ಒಬ್ಬ ಮುಸುಕಿನ ಪೊಲೀಸ್ ನಿಂತಿದ್ದಾನೆ. ಬೇಕೆಂದೇ ಒಂದು ಡಬ್ಬಿಯನ್ನು ನೆಲಕ್ಕೆ ತಳ್ಳಿ, ಹೆಕ್ಕಿ ಕಸದ ತೊಟ್ಟಿಗೆ ಹಾಕು ಎನ್ನುತ್ತಾನೆ. ಹಾಕಿದರೆ ನಗುತ್ತಾ ಬಿಡುತ್ತಾನೆ. ಅವನ ಮುಖಕ್ಕೇ ಎಸೆದರೆ ಲಾಠಿ ಬೀಸುತ್ತಾನೆ. ವಸ್ತು ಎತ್ತುವುದು ಹೇಗೆ, ಎಸೆಯುವುದು ಹೇಗೆ ಎಂದು ಕಲಿಸುವ ಪಾಠ ಅದು. ಆ ಊರಲ್ಲಿ ಬದುಕುವುದು ಹೇಗಿರುತ್ತದೆ ಎಂಬುದೂ ಅದೇ ಪಾಠದಲ್ಲಿದೆ. ಭಾವ ಹೆಕ್ಕಿ ಹಾಕಿದ. ನಾನು ನನ್ನ ಸರದಿಯಲ್ಲಿ ಎಸೆದೆ. ಈ ಒಂದು ಡಬ್ಬಿಯ ಮೇಲೆ ನಾವಿಬ್ಬರು ಎಷ್ಟು ಸಲ ವಾದ ಮಾಡಿದ್ದೇವೆ ಎಂದು ಲೆಕ್ಕ ಇಲ್ಲ.

ಸಿಟಿ 17 ಪೂರ್ವ ಯುರೋಪಿನ ಊರಿನ ಹಾಗಿದೆ. ಅದರ ರೂಪ ಬಿಡಿಸಿದ ವಿಕ್ಟರ್ ಆಂಟೊನೋವ್ ಹುಟ್ಟಿದ್ದು ಬಲ್ಗೇರಿಯದ ಸೋಫಿಯಾದಲ್ಲಿ. ಗೋಡೆಗಳ ಮೇಲೆ ಸಿರಿಲಿಕ್ ಅಕ್ಷರದ ಬೋರ್ಡುಗಳು. ನನಗೆ ಓದಲು ಬರುವುದಿಲ್ಲ, ಆದರೆ ಆ ಓದಲಾಗದ ಬೋರ್ಡಿನ ಕೆಳಗೆ ನಿಲ್ಲುವುದು ನನಗೆ ಹೊಸದೇನೂ ಆಗಿರಲಿಲ್ಲ. ಮಲಯಾಳ ಮಾತಾಡಲು ಬಂದರೂ ಓದಲು ಬಾರದ ಎಷ್ಟೋ ಜನ ನಮ್ಮ ಊರಲ್ಲಿದ್ದಾರೆ. ಅಜ್ಜ ಬಸ್ಸನ್ನು ಬೋರ್ಡಿನಿಂದ ಗುರುತು ಹಿಡಿದವರೇ ಅಲ್ಲ. ಬಣ್ಣ ನೋಡಿ, ಹೊತ್ತು ನೋಡಿ, ಕಂಡಕ್ಟರನ ಮುಖ ನೋಡಿ ಹತ್ತುತ್ತಿದ್ದರು. ನಾನೂ ಸಿಟಿ 17ನ್ನು ಹಾಗೇ ನೋಡಿದೆ. ಎಲ್ಲೂ ಮಕ್ಕಳಿಲ್ಲ. ಆಟದ ಬಯಲಿದೆ, ಜೋಕಾಲಿ ಇದೆ, ಆಡುವವರಿಲ್ಲ. ಏಕೆಂದು ಬ್ರೀನ್ ಭಾಷಣದಲ್ಲಿ ಗೊತ್ತಾಗುತ್ತದೆ. ಆದರೆ ಗೊತ್ತಾಗುವ ಮೊದಲೇ ಹೊಟ್ಟೆಯಲ್ಲಿ ಏನೋ ತಿರುಚುತ್ತದೆ.

ಇದಕ್ಕಿಂತ ದೊಡ್ಡದು ಕಡಲ ತೀರದ ಭಾಗ. ಜೀಪಿನಂಥ ಗಾಡಿಯಲ್ಲಿ ಹೆದ್ದಾರಿ ಹಿಡಿದು ಹೋಗುವ ಅಧ್ಯಾಯ. ಜಾಸ್ತಿ ಜನ ಅದನ್ನು ಗಾಡಿ ಓಡಿಸುವ ಖುಷಿಗಾಗಿ ನೆನಪಿಟ್ಟಿದ್ದಾರೆ. ನಾನು ಒಂದು ಕಡೆ ಗಾಡಿ ನಿಲ್ಲಿಸಿ ಇಳಿದೆ. ದೋಣಿಗಳು ಒಣ ಮರಳಿನ ಮೇಲೆ ವಾಲಿಕೊಂಡಿದ್ದವು. ದೋಣಿ ಕಟ್ಟುವ ಕಟ್ಟೆಗಳು ನೀರಿಗಿಂತ ಎಷ್ಟೋ ಎತ್ತರದಲ್ಲಿ, ಕಾಲು ಚಾಚಿಕೊಂಡು ನಿಂತಿದ್ದವು. ಕುಂಬಳೆ, ಮಂಜೇಶ್ವರದ ಕಡಲು ನೋಡಿ ಬೆಳೆದವನು ನಾನು. ನಮ್ಮಲ್ಲಿ ಪ್ರತಿ ಮಳೆಗಾಲ ಕಡಲ್ಕೊರೆತ. ಕಡಲು ಮೇಲೆ ಬರುತ್ತದೆ, ತೆಂಗಿನ ಮರ ಬೀಳುತ್ತದೆ, ಮನೆ ಬೀಳುತ್ತದೆ. ಇಲ್ಲಿ ಕಡಲು ಹಿಂದೆ ಹೋಗಿದೆ! ಕಂಬೈನ್ ಭೂಮಿಯ ನೀರನ್ನೇ ಹೀರುತ್ತಿದೆ. ಆ ತೀರದಲ್ಲಿ ಯಾರೂ ನಿಮ್ಮ ತೋಳು ಹಿಡಿದು ಇದನ್ನು ತೋರಿಸುವುದಿಲ್ಲ. ಬಾಣದ ಗುರುತಿಲ್ಲ. ನೋಡಿದವನಿಗೆ ಉಂಟು, ನೋಡದವನಿಗೆ ಇಲ್ಲ. ಈ ಸರಣಿಯಲ್ಲಿ ಒಂದೇ ಒಂದು ಜಾಗ ಇಟ್ಟುಕೊಳ್ಳಿ ಎಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ.

ಇನ್ನು ಎರಡನೆಯದರಲ್ಲಿ ಆದ ದೊಡ್ಡ ಬದಲಾವಣೆ ಮನುಷ್ಯರು. ಮೊದಲಿನದರಲ್ಲಿ ವಿಜ್ಞಾನಿಗಳಿಗೆ ಮೂರು ನಾಲ್ಕೇ ಮುಖ, ಅವೇ ಮತ್ತೆ ಮತ್ತೆ. ಇಲ್ಲಿ ಈಲೈ ವ್ಯಾನ್ಸ್ ಇದ್ದಾರೆ, ಒಂದು ಕಾಲು ಕಳೆದುಕೊಂಡ ಹಳೆಯ ಸಹೋದ್ಯೋಗಿ. ಅವರ ಮಗಳು ಆಲಿಕ್ಸ್ ಇದ್ದಾಳೆ. ಅಪ್ಪ ಮಾಡಿಕೊಟ್ಟು ಅವಳು ಬೆಳೆಸಿಕೊಂಡು ಬಂದ ಯಂತ್ರದ ಗೆಳೆಯ ಡಾಗ್ ಇದ್ದಾನೆ. ಇವರ ಕಣ್ಣು ನಿಮ್ಮ ಕಡೆ ತಿರುಗುತ್ತದೆ, ಹುಬ್ಬು ಏರುತ್ತದೆ. ಮೊದಲನೆಯದರಲ್ಲಿ ನನ್ನ ಮೇಲೆ ಮಿಂಚು ಎಸೆಯುತ್ತಿದ್ದ ವೋರ್ಟಿಗಾಂಟ್ ಜೀವಿಗಳು ಇಲ್ಲಿ ಗೆಳೆಯರು. ಅವರು ಆಗ ಗುಲಾಮರಾಗಿದ್ದರು ಎಂದು ಈಗ ತಿಳಿಯುತ್ತದೆ. ಕೆಫೆಯಲ್ಲಿ ಎಷ್ಟನ್ನು ಕೊಂದಿದ್ದೆನೋ. ಒಂದು ಆಟ ತನ್ನ ಹಿಂದಿನ ಆಟದ ಬಗ್ಗೆ ಹೀಗೆ ಬೇಸರ ಹುಟ್ಟಿಸಿದ್ದು ನನಗೆ ಅದೇ ಮೊದಲು.

ಆದರೆ ಮನುಷ್ಯರು ಬಂದ ಮೇಲೆ ಗೋರ್ಡನ್ನಿನ ಮೌನ ಕಷ್ಟವಾಗುತ್ತದೆ. ಇದನ್ನು ಒಪ್ಪಿಕೊಳ್ಳಬೇಕು. ಬ್ಲ್ಯಾಕ್ ಮೆಸಾದಲ್ಲಿ ಅವನು ಮಾತಾಡದಿರುವುದು ಗೊತ್ತೇ ಆಗುತ್ತಿರಲಿಲ್ಲ, ಸುರಂಗದಲ್ಲಿ ಅಜ್ಜ ಮಾತಾಡದ ಹಾಗೆ. ಸಿಟಿ 17ರಲ್ಲಿ ಎಲ್ಲರೂ ಅವನ ಹತ್ತಿರ ಬಂದು ಮಾತಾಡುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಕ್ಲೈನರ್ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಬಾಗಿಲು ಮುಚ್ಚಿಕೊಂಡು ಎಲ್ಲರೂ ಮಾತಾಡುವಾಗ ನಾವಿಬ್ಬರು ಮೇಜಿನ ಮೇಲಿನ ಸಾಮಾನು ಎತ್ತಿ ಎಸೆಯುತ್ತಿದ್ದೆವು. ಅಲ್ಲಿ ಆಟ ತಾನು ಬಿಟ್ಟ ಸಿನಿಮಾವನ್ನು ಹಿಂಬಾಗಿಲಿನಿಂದ ಕರೆದುಕೊಂಡು ಬಂದಿದೆ. ಕ್ಯಾಮರಾ ನಮ್ಮ ಕೈಯಲ್ಲಿದೆ, ಆದರೆ ಕೋಣೆ ಬಿಟ್ಟು ಹೋಗುವ ಹಾಗಿಲ್ಲ.

ಭಾವನಿಗೆ ಈ ಮೌನ ಆಗುತ್ತಿರಲಿಲ್ಲ. ಅವನು ತಾಳಮದ್ದಳೆಯವನು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದವರಿಗೆ ಅದರ ರುಚಿ ಬೇಗ ಹತ್ತುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಉಟ್ಟು ಸಾಲಾಗಿ ಕೂತ ಅರ್ಥಧಾರಿಗಳು ಬರೀ ಮಾತಿನಲ್ಲೇ ಹಸ್ತಿನಾವತಿ ಎಬ್ಬಿಸುತ್ತಾರೆ. ಮಾತೇ ಆಡದವನು ಎಂಥ ನಾಯಕ ಎಂದು ಅವನ ವಾದ. ನನ್ನ ಉತ್ತರ ಇಷ್ಟು. ತಾಳಮದ್ದಳೆಯಲ್ಲಿ ಜಾಗ ಇಲ್ಲ, ಅದಕ್ಕೆ ಮಾತು ಜಾಗ ಕಟ್ಟಬೇಕು. ಇಲ್ಲಿ ಜಾಗ ಇದೆ. ನಾಯಕ ಬಾಯಿ ತೆರೆದರೆ ನಾವು ನೋಡುವುದನ್ನು ಬಿಟ್ಟು ಕೇಳಲು ಕೂತುಕೊಳ್ಳುತ್ತೇವೆ. ಅವನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ.

ಎಪಿಸೋಡ್ ಒನ್, 2006ರದ್ದು, ಚಿಕ್ಕದು. ಅದರಲ್ಲಿ ನನಗೆ ಬೇಕಾದದ್ದು ಒಂದೇ ಭಾಗ. ನೆಲದಡಿಯ ಕತ್ತಲು, ಕೈಯಲ್ಲಿ ಟಾರ್ಚ್. ನೀವು ಬೆಳಕು ಹಾಕಿದ ಕಡೆಗೆ ಆಲಿಕ್ಸ್ ಗುಂಡು ಹೊಡೆಯುತ್ತಾಳೆ. ಟಾರ್ಚ್ ಸ್ವಲ್ಪ ಹೊತ್ತಿಗೆ ಆರುತ್ತದೆ, ಮತ್ತೆ ತುಂಬಿಕೊಳ್ಳುವವರೆಗೆ ಇಬ್ಬರೂ ಕುರುಡರು. ಅಲ್ಲಿ ಗೋರ್ಡನ್ ಮಾತಾಡದಿರುವುದು ಕೊರತೆ ಅನ್ನಿಸುವುದಿಲ್ಲ. ಬೆಳಕೇ ಅವನ ಮಾತು. ಬತ್ತಿ ಹಿಡಿದು ಹಿಂತಿರುಗಿ ನೋಡದೆ ಹೋಗುತ್ತಿದ್ದ ಅಜ್ಜನ ಬೆನ್ನು ನನಗೆ ಅಲ್ಲಿ ಕಂಡಿತು.

ಎಪಿಸೋಡ್ ಟೂ ಬಂದದ್ದು 2007ರ ಅಕ್ಟೋಬರಿನಲ್ಲಿ. ಊರು ಬಿಟ್ಟು ಕಾಡು, ಗುಡ್ಡ, ಹಳೆಯ ಗಣಿ. ನಮ್ಮ ಕಡೆಯ ಹಸಿರಿನಂತಲ್ಲ, ಆದರೂ ಹಸಿರು. ಶುರುವಿನಲ್ಲೇ ಆಲಿಕ್ಸ್ ಸಾಯುವ ಹಾಗಾಗುತ್ತಾಳೆ, ವೋರ್ಟಿಗಾಂಟ್‌ಗಳು ಅವಳನ್ನು ಉಳಿಸುತ್ತವೆ. ಕೊನೆಗೆ ದೊಡ್ಡ ಕಣಿವೆಯಲ್ಲಿ ಮೂರು ಕಾಲಿನ ಸ್ಟ್ರೈಡರ್ ಯಂತ್ರಗಳ ಜೊತೆ ಕಾದಾಟ. ಎಲ್ಲಾ ಗೆದ್ದು, ಹೆಲಿಕಾಪ್ಟರ್ ಹತ್ತಿ ಹೊರಡಬೇಕು ಅನ್ನುವಾಗ ಅಡ್ವೈಸರ್ ಎಂಬ, ಕಂಬೈನ್ ಕಡೆಯ ಹುಳುವಿನಂಥ ಜೀವಿಗಳು ಬರುತ್ತವೆ. ಗೋರ್ಡನ್ ಮತ್ತು ಆಲಿಕ್ಸ್ ಅವುಗಳ ಹಿಡಿತದಲ್ಲಿದ್ದಾರೆ, ಅಲುಗಾಡಲು ಆಗುವುದಿಲ್ಲ. ಕಣ್ಣೆದುರೇ ಈಲೈಯನ್ನು ಕೊಲ್ಲುತ್ತವೆ. ಮಗಳು ಅಪ್ಪನ ಮೇಲೆ ಬಿದ್ದು ಅಳುತ್ತಾಳೆ. ಪರದೆ ಕಪ್ಪಾಗುತ್ತದೆ. ಅಳು ಮಾತ್ರ ಕೇಳುತ್ತದೆ.

ಗೋರ್ಡನ್ ಅಲ್ಲೂ ಮಾತಾಡುವುದಿಲ್ಲ. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಆ ಮೌನ ಅತ್ಯಂತ ಸರಿಯಾಗಿ ಕೂತದ್ದು ಅಲ್ಲಿ. ನಾವು ಅದನ್ನು ಆಡುವ ಹಿಂದಿನ ಮಳೆಗಾಲದಲ್ಲಿ ಅಜ್ಜ ತೀರಿಕೊಂಡಿದ್ದರು. ಜಗಲಿಯಲ್ಲಿ ಮಲಗಿಸಿದ್ದರು. ಅಬ್ಬೆ ತನ್ನ ಅಪ್ಪನ ಕಾಲ ಬುಡದಲ್ಲಿ ಕೂತು ಅಳುತ್ತಿದ್ದಳು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಹತ್ತಿರ ಹೋಗಬೇಕು, ಏನಾದರೂ ಹೇಳಬೇಕು ಅನ್ನಿಸುತ್ತಿತ್ತು. ನಾಲಿಗೆ ಎದ್ದಿರಲಿಲ್ಲ. ಆ ಕಪ್ಪು ಪರದೆಯ ಮುಂದೆ ಭಾವ ಮತ್ತು ನಾನು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆವು. ಅವತ್ತು ಅವನು ಗೋರ್ಡನ್ ಮಾತಾಡಬೇಕಿತ್ತು ಎಂದು ಹೇಳಲಿಲ್ಲ.

ಹಾಫ್-ಲೈಫ್ 2 ಎಲ್ಲಕ್ಕಿಂತ ದೊಡ್ಡದು ಎಂದು ಹೆಚ್ಚಿನವರು ಹೇಳುತ್ತಾರೆ. ಕೆಲಸದ ಹದ ನೋಡಿದರೆ ನಿಜ. ವಸ್ತುಗಳಿಗೆ ತೂಕ ಬಂದದ್ದು, ಗ್ರಾವಿಟಿ ಗನ್ನಿನಲ್ಲಿ ಗರಗಸದ ಚಕ್ರ ಎತ್ತಿ ಎಸೆದದ್ದು, ಎಲ್ಲ ಅದರಲ್ಲೇ. ನನಗೆ ಮಾತ್ರ ಎಪಿಸೋಡ್ ಟೂ ಹತ್ತಿರ. ಅದರಲ್ಲಿ ಜಾಗವೂ ಮನುಷ್ಯರೂ ಒಬ್ಬರನ್ನೊಬ್ಬರು ತಳ್ಳದೆ ಒಟ್ಟಿಗೆ ಇದ್ದಾರೆ.

ಆಮೇಲೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಏನೂ ಇಲ್ಲ. ಮೂರನೆಯ ಎಪಿಸೋಡ್ ಬರುತ್ತದೆ ಎಂದಿದ್ದರು, ಬರಲಿಲ್ಲ. ಲೇಡ್‌ಲಾ 2016ರಲ್ಲಿ ವಾಲ್ವ್ ಬಿಟ್ಟರು. ಮರುವರ್ಷ ಹೆಸರುಗಳನ್ನು ಬದಲಿಸಿ, ಆ ಕತೆಯನ್ನು ಒಂದು ಪತ್ರದ ರೂಪದಲ್ಲಿ ತಮ್ಮ ಜಾಲತಾಣದಲ್ಲಿ ಹಾಕಿದರು. ನಾನು ಅದನ್ನು ಕಾಸರಗೋಡು ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೊಬೈಲಿನಲ್ಲಿ ಓದಿದೆ. ಎರಡು ಬಸ್ಸು ಬಿಟ್ಟೆ. ಈಲೈಗೆ ದನಿ ಕೊಟ್ಟಿದ್ದ ರಾಬರ್ಟ್ ಗಿಯೋಮ್ ಕೂಡ ಅದೇ 2017ರಲ್ಲಿ ತೀರಿಕೊಂಡರು.

ಹಾಫ್-ಲೈಫ್: ಆಲಿಕ್ಸ್ ಬಿಡುಗಡೆಯಾದ ದಿನ 2020ರ ಮಾರ್ಚ್ 23. ಆ ವಾರ ನಮಗೆ ಬೇರೆಯೇ ಕಾರಣಕ್ಕೆ ನೆನಪಿದೆ. ಕಾಸರಗೋಡಿನಲ್ಲಿ ಕೊರೋನಾ ಜೋರಾಗಿತ್ತು. ತಲಪಾಡಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಜೋರು ಕಾಯಿಲೆ ಬಂದರೆ ಮಂಗಳೂರಿಗೆ ಓಡುವುದು ನಮ್ಮವರ ಹಿಂದಿನಿಂದ ಬಂದ ರೂಢಿ. ಆ ದಾರಿಯೇ ಇಲ್ಲವಾಯಿತು. ದಾರಿ ಸಿಗದೆ ಜೀವ ಹೋದವರಿದ್ದಾರೆ. ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. 1956ರ ರಾಜ್ಯ ವಿಂಗಡಣೆಯಲ್ಲಿ ಎಳೆದ ಗೆರೆಯನ್ನು ನಾವು ದಿನಾ ದಾಟುತ್ತಲೇ ಬಂದವರು. ಅದು ಮಣ್ಣಿನ ರಾಶಿಯಾಗಿ ಎದುರು ನಿಂತದ್ದನ್ನು ನಾನು ನೋಡಿದ್ದು ಆಗಲೇ. ಆ ರಾಶಿಯ ಈಚೆ ನಿಂತಾಗ ಸಿಟಿ 17ರ ಸ್ಟೇಷನ್ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಭಾವ ಬೆಂಗಳೂರಿನಲ್ಲಿ ಸಿಕ್ಕಿಬಿದ್ದಿದ್ದ. ರಾತ್ರಿ ಫೋನ್ ಮಾಡಿದ. ಅವನು ಹೊಸ ಆಟದ ಕೊನೆಯನ್ನು ಯಾರೋ ಆಡಿ ಹಾಕಿದ ವಿಡಿಯೋದಲ್ಲಿ ನೋಡಿದ್ದ.

"ಈಲೈ ಬದುಕಿದ ಮಾರಾಯ" ಎಂದ.

ಆಟ ನನ್ನ ಕೈಗೆ ಸಿಕ್ಕಿದ್ದು 2022ರ ಕೊನೆಗೆ, ಬೆಂಗಳೂರಿನ ಅವನ ಮನೆಯಲ್ಲಿ. ಇದು ವಿಆರ್ ಆಟ, ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಳ್ಳಬೇಕು. ಕತೆ ನಡೆಯುವುದು ಎರಡನೆಯ ಆಟಕ್ಕೆ ಐದು ವರ್ಷ ಮೊದಲು. ನಾಯಕಿ ಆಲಿಕ್ಸ್. ಅವಳು ಮಾತಾಡುತ್ತಾಳೆ! ಮೊದಲು ನಿಲ್ಲಿಸುವುದು ಒಂದು ಬಾಲ್ಕನಿಯಲ್ಲಿ. ಸಿಟಿ 17 ಕಾಲಡಿಗೆ ಹರಡಿಕೊಂಡಿದೆ. ದೂರದಲ್ಲಿ ಕಂಬೈನ್‌ನ ಆಕಾಶಗೋಪುರ ಇನ್ನೂ ಕಟ್ಟುತ್ತಿದ್ದಾರೆ. ಆ ಊರನ್ನು ಹದಿನಾಲ್ಕು ವರ್ಷದಿಂದ ಬಲ್ಲೆ, ಆದರೆ ಅದು ಇಷ್ಟು ಎತ್ತರ ಇದೆ ಎಂದು ಗೊತ್ತಿರಲಿಲ್ಲ. ಕಟಕಟೆ ಹಿಡಿಯಲು ಕೈ ಚಾಚಿದೆ, ಅಲ್ಲಿ ಏನೂ ಇರಲಿಲ್ಲ.

ಒಂದು ಕಡೆ ಗಾಜಿನ ಹತ್ತಿರ ಮಾರ್ಕರ್ ಪೆನ್ನುಗಳಿವೆ. ಎತ್ತಿಕೊಂಡು ಗಾಜಿನ ಮೇಲೆ ಗೀಚಬಹುದು. ಆಟಕ್ಕೆ ಇದರಿಂದ ಏನೂ ಆಗಬೇಕಾಗಿಲ್ಲ. ನಾನು ಕನ್ನಡದಲ್ಲಿ ಬದಿಯಡ್ಕ ಎಂದು ಬರೆದೆ. ಒತ್ತಕ್ಷರ ಸ್ವಲ್ಪ ಕೆಳಗೆ ಜಾರಿತು, ಸರಿ ಮಾಡಿದೆ. ಸಿಟಿ 17ರಲ್ಲಿ ನಾನು ಓದಬಲ್ಲ ಮೊದಲ ಬೋರ್ಡು. ಹೆಡ್‌ಸೆಟ್ ಒಳಗೆ ಕಣ್ಣು ಒದ್ದೆಯಾದರೆ ಒರೆಸಿಕೊಳ್ಳಲು ಆಗುವುದಿಲ್ಲ ಎಂದು ಆಗ ಗೊತ್ತಾಯಿತು.

ಹಳೆಯದಕ್ಕೂ ಹೊಸದಕ್ಕೂ ಇರುವ ದಾರಿ ನೋಡಬೇಕಾದರೆ ಎರಡು ಜಾಗ ಪಕ್ಕಪಕ್ಕ ಇಡಬೇಕು. 1998ರ ಆಟದಲ್ಲಿ ಒಂದು ಆಳವಾದ ಕೊಳವೆಬಾವಿಯಂಥ ಗುಂಡಿಯಲ್ಲಿ ಮೂರು ದೈತ್ಯ ಬಳ್ಳಿಗಳು. ಕಣ್ಣಿಲ್ಲ, ಕಿವಿ ಮಾತ್ರ. ಕಬ್ಬಿಣದ ತಟ್ಟಿಯನ್ನು ಕೊಕ್ಕಿನಿಂದ ಠಣ್ ಠಣ್ ಎಂದು ಕುಟ್ಟುತ್ತಾ ಹುಡುಕುತ್ತವೆ. ಬಗ್ಗಿ ಮೆಲ್ಲ ನಡೆಯಬೇಕು. ಗ್ರೆನೇಡ್ ಆಚೆ ಎಸೆದು ಅವುಗಳ ಕಿವಿಯನ್ನು ಅಲ್ಲಿಗೆ ಎಳೆಯಬೇಕು. 2020ರಲ್ಲಿ ಅದೇ ಉಪಾಯ ಮತ್ತೆ ಬರುತ್ತದೆ. ಹಳೆಯ ಸಾರಾಯಿ ಕಾರ್ಖಾನೆ, ಜೆಫ್ ಎಂಬ ಹೆಸರಿನ ಕುರುಡು ಜೀವಿ. ಬಾಗಿಲು ತೆರೆದರೆ ಒಳಗಿಂದ ಬಾಟಲಿ ಉರುಳುತ್ತದೆ, ಅದು ನೆಲಕ್ಕೆ ಬೀಳುವ ಮೊದಲು ಕೈಯಲ್ಲಿ ಹಿಡಿಯಬೇಕು. ಬಾಟಲಿ ದೂರ ಎಸೆದರೆ ಅವನು ಆ ಕಡೆ ಹೋಗುತ್ತಾನೆ. ಅವನ ಸುತ್ತ ಧೂಳಿನಂಥ ವಿಷ. ಕೆಮ್ಮು ಬರಬಾರದು ಎಂದರೆ ನಿಮ್ಮ ನಿಜವಾದ ಕೈ ನಿಮ್ಮ ಬಾಯಿಯ ಮುಂದೆ ಬರಬೇಕು.

ಎರಡು ವರ್ಷ ಮಾಸ್ಕ್ ಹಾಕಿ ಬದುಕಿದ ಕೈ ಅದು. ಕೇಳದೆಯೇ ಬಾಯಿಗೆ ಹೋಯಿತು. ಕೆಫೆಯಲ್ಲಿ ನಾನು ಕೀಲಿ ಒತ್ತಿ ಬಗ್ಗಿದ್ದೆ. ಇಲ್ಲಿ ಭಾವನ ಮನೆಯ ಹಾಲಿನ ಟೈಲ್ಸ್ ಮೇಲೆ ಮಂಡಿಯೂರಿ ಕೂತಿದ್ದೆ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಆದದ್ದು ಇಷ್ಟೇ ಅಂದರೆ ಇಷ್ಟೇ, ಆದರೆ ಇದು ಸಣ್ಣದಲ್ಲ.

ಆಲಿಕ್ಸ್ ಮಾತಾಡುವುದು ನನಗೆ ಬೇಸರ ತರುತ್ತದೆ ಎಂದುಕೊಂಡಿದ್ದೆ. ತರಲಿಲ್ಲ. ಕಿವಿಯಲ್ಲಿ ರಸಲ್ ಎಂಬ ಗೆಳೆಯ ಇರುತ್ತಾನೆ, ಕತ್ತಲಲ್ಲಿ ಇಬ್ಬರೂ ಹರಟುತ್ತಾರೆ. ಹೆದರಿಕೆಗೆ ಅದು ಬೇಕು. ಆದರೆ ನನ್ನ ಬಾಯಿ ಮುಚ್ಚಿದ್ದಾಗ ನನ್ನ ಗಂಟಲಿನಿಂದ ಬೇರೆಯವರ ದನಿ ಬರುವುದು ವಿಚಿತ್ರ. ಅವಳು ಏನಾದರೂ ಕಂಡು ಅಚ್ಚರಿಪಟ್ಟಾಗ ನನ್ನ ಅಚ್ಚರಿ ಸ್ವಲ್ಪ ತಡವಾಗುತ್ತಿತ್ತು. ಅಷ್ಟರ ಮಟ್ಟಿಗೆ ಭಾವನ ಎದುರು ನನ್ನ ಹಳೆಯ ವಾದ ಇನ್ನೂ ಬಿಟ್ಟಿಲ್ಲ.

ಕೊನೆಯಲ್ಲಿ ಬ್ರೀಫ್‌ಕೇಸಿನ ಮನುಷ್ಯ ಅವಳನ್ನು ಮುಂದಿನ ಕಾಲಕ್ಕೆ ಕರೆದೊಯ್ದು ಅಪ್ಪನ ಸಾವು ತೋರಿಸುತ್ತಾನೆ. ಅವಳು ಅಪ್ಪನನ್ನು ಉಳಿಸುತ್ತಾಳೆ. ಅದಕ್ಕೆ ಬೆಲೆ ಅವಳೇ. ಆಮೇಲೆ ಕಣ್ಣು ಬದಲಾಗುತ್ತದೆ. ನಾನು ಮತ್ತೆ ಗೋರ್ಡನ್. ಎಪಿಸೋಡ್ ಟೂ ನಿಂತ ಅದೇ ಜಾಗ. ಈಲೈ ಬದುಕಿದ್ದಾರೆ, ಮಗಳು ಇಲ್ಲ. ಡಾಗ್ ಹಾರೆ ತರುತ್ತಾನೆ, ಈಲೈ ಅದನ್ನು ನನ್ನ ಕಡೆ ಚಾಚುತ್ತಾರೆ. ನಾನು ಕೈ ನೀಡಿದೆ. ಮಾತಾಡಲಿಲ್ಲ. ಹಿಂದಿನಿಂದ ಭಾವನೂ ಮಾತಾಡಲಿಲ್ಲ.

2024ರ ನವೆಂಬರಿನಲ್ಲಿ ಹಾಫ್-ಲೈಫ್ 2ಕ್ಕೆ ಇಪ್ಪತ್ತು ತುಂಬಿತೆಂದು ವಾಲ್ವ್ ಅದನ್ನು ಕೆಲವು ದಿನ ಉಚಿತವಾಗಿ ಕೊಟ್ಟಿತು. ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ಹಾಕಿ ಕೊಟ್ಟೆ. ಹದಿಮೂರು ವರ್ಷದವನು. ನಾನು ಏನೂ ಹೇಳಿಕೊಡಲಿಲ್ಲ, ಪಕ್ಕದಲ್ಲಿ ಕೂತು ಅಡಕೆ ಸುಲಿಯುತ್ತಿದ್ದೆ. ಡಬ್ಬಿ ಹೆಕ್ಕಿ ತೊಟ್ಟಿಗೆ ಹಾಕಿದ. ಭಾವನ ಪಕ್ಷ. ಮಕ್ಕಳಿಲ್ಲದ ಬಯಲಿನಲ್ಲಿ ನಿಲ್ಲದೆ ಓಡಿದ. ಪ್ರಯೋಗಾಲಯದಲ್ಲಿ ಸಾಮಾನು ಎಸೆದ. ಮೂರನೆಯ ದಿನ ಸಂಜೆ ಗಾಡಿ ಹತ್ತಿ ಕಡಲ ತೀರಕ್ಕೆ ಬಂದ. ಜೋರು ಓಡಿಸಿಕೊಂಡು ಹೋಗುತ್ತಿದ್ದವನು ಒಂದು ಕಡೆ ನಿಲ್ಲಿಸಿದ. ಇಳಿದ. ಮರಳಿನ ಮೇಲೆ ಸ್ವಲ್ಪ ದೂರ ನಡೆದ. ಒಂದು ದೋಣಿಗೆ ಸುತ್ತು ಬಂದ.

"ಮಾವ, ಇಲ್ಲಿಯ ನೀರು ಎಲ್ಲಿಗೆ ಹೋತು?"

ನಾನು ಮೆಟ್ಟುಕತ್ತಿ ಬದಿಗಿಟ್ಟು ಅವನ ಹತ್ತಿರ ಸರಿದು ಕೂತೆ.